ಕಟ್ಟಡ ಅನುಮತಿ: ಪ್ರಕಾಶಣ್ಣನನ್ನು ಕೇಳಿ (ಆಕ್ಲೆಂಡ್ ಕನ್ನಡ ಬಳಗ)

ಸುಮಾ: ಪ್ರಕಾಶಣ್ಣ, ನಮಸ್ಕಾರ. ನಾವು ನೋಡಿರುವ ಮನೆಯ ಗ್ಯಾರೇಜನ್ನು ಅಡುಗೆಮನೆ, ಬಾತ್‌ರೂಮ್ ಹಾಕಿ ಬಾಡಿಗೆ ಮನೆ ಮಾಡಿದ್ದಾರೆ. ಕೌನ್ಸಿಲ್ ಫೈಲಿನಲ್ಲಿ ಅದಿನ್ನೂ ಗ್ಯಾರೇಜ್. ಒಂದು ಖಾಸಗಿ ಕಂಪನಿ ‘ಪರಿಶೀಲಿಸಿದ್ದೇವೆ’ ಅಂತ ಸೀಲು ಹಾಕಿದ ಕಾಗದ ಕೊಟ್ಟರು. ಸಾಕಾ?

ಪ್ರಕಾಶ್: ಸಾಕಾಗಲ್ಲ ಸುಮಾ. ಸದ್ಯ ಸಹಿ ಹಾಕಬೇಡಿ. ನ್ಯೂಜಿಲೆಂಡಿನ 2004ರ ಕಟ್ಟಡ ಕಾಯ್ದೆ ಪ್ರಕಾರ ಅನುಮತಿ ಕೊಡುವುದು, ಕೆಲಸ ನಡೆಯುವಾಗ ತಪಾಸಣೆ ಮಾಡುವುದು, ಕೊನೆಯ ಸರ್ಟಿಫಿಕೇಟ್ ಕೊಡುವುದು ನೋಂದಾಯಿತ ಸಂಸ್ಥೆಯ ಕೆಲಸ. ಮೊದಲು ಐಎಎನ್‌ಝಡ್‌ನವರು (ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ) ಬಂದು ಅವರ ಸಿಬ್ಬಂದಿ, ಕ್ರಮ, ದಾಖಲೆ ಎಲ್ಲ ನೋಡಿ ಮಾನ್ಯತೆ ಕೊಡಬೇಕು. ಆಮೇಲೆ ಕಟ್ಟಡ ವಿಷಯ ನೋಡಿಕೊಳ್ಳುವ ಎಂಬಿಐಇ ಸಚಿವಾಲಯ ನೋಂದಣಿ ಮಾಡಬೇಕು. ಪಟ್ಟಿಯಲ್ಲಿರುವುದು ಹೆಚ್ಚಾಗಿ ಕೌನ್ಸಿಲ್‌ಗಳೇ. ಆ ಕಂಪನಿಯ ಹೆಸರು ಅಲ್ಲಿದೆಯಾ ನೋಡಿ. ಇಲ್ಲದಿದ್ದರೆ ಅದು ಬರೀ ಒಬ್ಬರ ಅಭಿಪ್ರಾಯ.

ಇಷ್ಟು ಬಿಗಿ ಯಾಕೆ ಅಂದರೆ, 1991ರ ಕಾಯ್ದೆಯಲ್ಲಿ ಖಾಸಗಿಯವರೂ ಸರ್ಟಿಫಿಕೇಟ್ ಕೊಡುತ್ತಿದ್ದರು. ಆಮೇಲೆ ಸೋರುವ ಮನೆಗಳ ಕಥೆ ಆಯಿತು: ಎಷ್ಟೋ ಮನೆಗಳ ಗೋಡೆಯೊಳಗೆ ನೀರು ಇಳಿದು ಮರ ಕೊಳೆಯಿತು. ಅದರಲ್ಲಿ ಕೌನ್ಸಿಲ್‌ಗಳೂ ತಪ್ಪಿದ್ದವು. ಅಂಥ ಒಂದು ಮನೆಯಲ್ಲಿ ನಾನು ಕಿಟಕಿ ಕೆಳಗಿನ ಮರಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಬಿಸಿ ಮುದ್ದೆಯೊಳಗೆ ಹೋದ ಹಾಗೆ ಹೋಯಿತು.

ಮಾರುವವರೇ ಕೌನ್ಸಿಲ್‌ನಿಂದ ‘ಸರ್ಟಿಫಿಕೇಟ್ ಆಫ್ ಆಕ್ಸೆಪ್ಟೆನ್ಸ್’ (ಅನುಮತಿ ಇಲ್ಲದೆ ಮಾಡಿದ ಕೆಲಸವನ್ನು ಆಮೇಲೆ ನೋಡಿ ಕೊಡುವ ಪತ್ರ) ತರಲಿ. ಅದೂ ಕಣ್ಣಿಗೆ ಕಾಣುವಷ್ಟಕ್ಕೇ. ಗೋಡೆಯೊಳಗೆ ಮುಚ್ಚಿಹೋದದ್ದಕ್ಕಲ್ಲ.

ಗಿರೀಶ್: ಹತ್ತು ವರ್ಷ ಆದರೆ ತಾನಾಗಿಯೇ ಸಕ್ರಮ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತಲ್ಲ ಸರ್?

ಪ್ರಕಾಶ್: ಸುಳ್ಳು. 10 ವರ್ಷ ಅನ್ನುವುದು ಪರಿಹಾರಕ್ಕೆ ಕೋರ್ಟಿಗೆ ಹೋಗುವ ಗಡುವು. ಇದನ್ನು ನಂಬಿ ಜನ ಮನೆ ಕೊಳ್ಳುತ್ತಾರೆ. ದಯವಿಟ್ಟು ಯಾರಿಗೂ ಕಳಿಸಬೇಡಿ.

ವಿನುತಾ: ಸರ್, ಡೆಕ್‌ಗೆ ಅನುಮತಿ ಬೇಕಾ?

ರಘು: ಕೌನ್ಸಿಲ್ ಸೀಲಿಗೆ ಮಾತ್ರ ಏನು ಗ್ಯಾರಂಟಿ? ಕ್ರೈಸ್ಟ್‌ಚರ್ಚ್ ಕೌನ್ಸಿಲ್‌ನ ಮಾನ್ಯತೆಯೇ ಹೋಗಿತ್ತು.

ಮಂಜುಳಾ: ಭೂಕಂಪದ ನಂತರ ಅವರ ಮೇಲೆ ಎಷ್ಟು ಹೊರೆ ಇತ್ತು ರಘು! ಸುಮ್ನೆ ಬೈಯಬೇಡಿ.

ರಘು: ನಾನು ಬೈದಿಲ್ಲ. ದುಡ್ಡು ಕಟ್ಟಿ ಕಾದವರ ಕಷ್ಟ ನಿಮಗೆ ಗೊತ್ತಿಲ್ಲ.

ಮಂಜುಳಾ: ನಾನು ಆಗ ಅಲ್ಲೇ ಇದ್ದೆ!

ಪ್ರಕಾಶ್: 2013ರ ಜುಲೈನಲ್ಲಿ ಹೋಯಿತು, 2014ರ ಡಿಸೆಂಬರ್‌ನಲ್ಲಿ ಮರಳಿತು. ಕೌನ್ಸಿಲ್ ಅಂತ ಬಿಡಲಿಲ್ಲ, ಅದನ್ನೂ ಗಮನಿಸಿ. ಜಗಳ ಬೇರೆ ಕಡೆ ಮಾಡಿ.

ನವೀನ್: 70 ಚದರ ಮೀಟರ್‌ವರೆಗಿನ ಚಿಕ್ಕ ಮನೆಗೆ ಈಗ ಅನುಮತಿ ಬೇಡ. ಸುಮಾ ಅವರಿಗೂ ಅನ್ವಯ ಆಗುತ್ತಲ್ವಾ?

ಪ್ರಕಾಶ್: ಆಗಲ್ಲ. ಅದು ಹೊಸದಾಗಿ, ಪ್ರತ್ಯೇಕವಾಗಿ ಕಟ್ಟುವ ಒಂದಂತಸ್ತಿನ ಮನೆಗೆ. ಲೈಸೆನ್ಸ್ ಇದ್ದವರೇ ಕೆಲಸ ಮಾಡಬೇಕು ಅಥವಾ ನಿಂತು ಮಾಡಿಸಬೇಕು, ಕೌನ್ಸಿಲ್‌ಗೆ ಮೊದಲೇ ತಿಳಿಸಬೇಕು.

ಗಿರೀಶ್: ಖಾಸಗಿ ಸರ್ಟಿಫಿಕೇಟ್ ನಡೆಯುತ್ತಾ ಸರ್?

ಪ್ರಕಾಶ್: ಮೇಲೆ ಓದಿ.

ಸುಮಾ: ಅಣ್ಣ, ಪಟ್ಟಿಯಲ್ಲಿ ಆ ಹೆಸರಿಲ್ಲ. ಏಜೆಂಟ್ ಶುಕ್ರವಾರದೊಳಗೆ ಸಹಿ ಹಾಕಿ ಅಂತಿದ್ದಾರೆ. ಗ್ಯಾರೇಜಿನಲ್ಲಿ ಈಗ ಒಂದು ಕುಟುಂಬ ಇದೆ, ಚಿಕ್ಕ ಮಗು ಬೇರೆ.

ಪ್ರಕಾಶ್: ಶುಕ್ರವಾರ ಬೇಡ, ವಕೀಲರಿಗೆ ತೋರಿಸಿ. ಆದರೆ ಮೊದಲು ಇದನ್ನು ಹೇಳಿ: ಅವರು ಮಲಗುವ ಜಾಗದಲ್ಲಿ ಹೊಗೆ ಅಲಾರಂ ಇದೆಯಾ? ಹೊರಗೆ ಹಾರಿ ಬರುವಷ್ಟು ತೆರೆಯುವ ಕಿಟಕಿ ಇದೆಯಾ? ಫೋಟೋ ಇದ್ದರೆ ಈಗಲೇ ಕಳಿಸಿ.