ಹೊಸದಾಗಿ ಎಚ್‌ಎಂ (ಮುಖ್ಯ ಶಿಕ್ಷಕಿ) ಆಗಿದೀನಿ, ಸೀನಿಯರ್ ಟೀಚರ್ ಪಾಠ ನೋಡಿ ಅಭಿಪ್ರಾಯ ಹೇಳೋದು ಹೇಗೆ?

ಹೈಸ್ಕೂಲ್_ಮೇಡಂ:
ಎಲ್ರಿಗೂ ನಮಸ್ಕಾರ. ಸಮಾಜ ವಿಜ್ಞಾನ ಟೀಚರ್ ಆಗಿದ್ದೆ, ಈ ವರ್ಷ ಬಡ್ತಿ ಸಿಕ್ಕಿ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಎಚ್‌ಎಂ ಆಗಿ ಬಂದಿದೀನಿ. ಪಾಠ ವೀಕ್ಷಣೆ ಮಾಡೋದು ನನ್ನ ಕೆಲಸ ಅಂತ ಗೊತ್ತು, ಆದ್ರೆ ಹೇಗೆ ಮಾಡ್ಬೇಕು ಅಂತ ಯಾರೂ ಹೇಳ್ಕೊಟ್ಟಿಲ್ಲ. ವೀಕ್ಷಣೆ ಪುಸ್ತಕ ತೆಗೆದು ನೋಡಿದ್ರೆ ಪುಟಗಟ್ಟಲೆ ಒಂದೇ ವಾಕ್ಯ, "ಪಾಠ ವೀಕ್ಷಿಸಿದೆ, ಬೋಧನೆ ಉತ್ತಮವಾಗಿತ್ತು, ಕಲಿಕೋಪಕರಣ ಬಳಸಲು ಸೂಚಿಸಿದೆ".

ಗಣಿತದ ಸರ್ ನನಗಿಂತ ಸರ್ವಿಸಲ್ಲಿ ಸೀನಿಯರ್. ವಿಷಯದ ಮೇಲೆ ಹಿಡಿತ ತುಂಬಾ ಚೆನ್ನಾಗಿದೆ, ಒಂದು ದಿನ ಲೇಟಾಗಿ ಬಂದಿದ್ದಿಲ್ಲ, ಆದ್ರೆ ಒಂಬತ್ತನೇ ಕ್ಲಾಸಲ್ಲಿ ಅರ್ಧ ಮಕ್ಕಳು ಬೋರ್ಡ್ ಮೇಲೆ ಇರೋದನ್ನ ಹಾಗೇ ಇಳಿಸ್ಕೊಳ್ತಾರೆ ಅಷ್ಟೇ, ಅದೇ ಲೆಕ್ಕ ಅಂಕಿ ಬದಲಾಯಿಸಿ ಕೊಟ್ರೆ ಆಗಲ್ಲ. ನಾನು ಗಣಿತದವಳಲ್ಲ, ಅವರಿಗೆ ಹೇಳೋಕೆ ನನಗೇನು ಅರ್ಹತೆ ಅನ್ನೋ ಸಂಕೋಚ. ಈ ಕಡೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೀಟಿಂಗಲ್ಲಿ ವಿಷಯವಾರು ಪರ್ಸೆಂಟೇಜ್ ಕೇಳ್ತಾರೆ. ಅವರ ಮನಸ್ಸಿಗೂ ನೋವಾಗ್ಬಾರ್ದು, ಮಕ್ಕಳಿಗೂ ಅನ್ಯಾಯ ಆಗ್ಬಾರ್ದು. ಅನುಭವ ಇರೋರು ದಯವಿಟ್ಟು ಹೇಳಿ.

ನಿವೃತ್ತ_ಎಚ್‌ಎಂ_ಧಾರವಾಡ:
ಮೇಡಂ, ಗಣಿತ ಬರಂಗಿಲ್ಲ ಅಂತ ಹಿಂಜರೀಬ್ಯಾಡ್ರಿ. ನೀವು ನೋಡಬೇಕಾಗಿದ್ದು ಸರ್‌ನ ಅಲ್ಲ, ಹುಡುಗೂರ್ನ. ಹಿಂದಿನ ಬೆಂಚಿನ್ಯಾಗ ಕುಂತು ಒಂದು ಹಾಳಿ ಮ್ಯಾಲೆ ಯಾರು ಎಲ್ಲಿ ಕುಂತಾರ ಅಂತ ನಕ್ಷೆ ಹಾಕ್ಕೋರಿ, ಯಾರಿಗೆ ಪ್ರಶ್ನೆ ಹೋತು, ಯಾರು ತಾನಾಗೇ ಬಾಯಿ ಬಿಟ್ರು, ಅಲ್ಲಲ್ಲೆ ಒಂದು ಗೆರಿ ಎಳೀರಿ. 40 ನಿಮಿಷ ಮುಗಿಯೋದ್ರಾಗ ಹಾಳಿನ ಮಾತಾಡ್ತೈತಿ, ಗೆರಿ ಎಲ್ಲಾ ಮುಂದಿನ ಎರಡು ಸಾಲಿನ್ಯಾಗ ಇರ್ತಾವು, ಕಿಟಕಿ ಬಾಜೂ ಕುಂತ ಹುಡುಗಿಗೆ ಒಂದೂ ಇರಂಗಿಲ್ಲ. "ತಿಳೀತಿಲ್ಲೋ?" ಅಂತ ಕೇಳಿದ್ರ ಎಲ್ಲಾರೂ ಕೂಡಿ "ಹೂಂ ಸರ್" ಅಂತಾರ, ಅದು ಉತ್ತರ ಅಲ್ರಿ. ಪ್ರಶ್ನೆ ಕೇಳಿದ ಮ್ಯಾಲೆ ಎಷ್ಟು ಹೊತ್ತು ಕಾಯ್ತಾರ, ಅದನ್ನೂ ನೋಡ್ರಿ. ಎರಡು ಸೆಕೆಂಡಿನ್ಯಾಗ ತಾವೇ ಉತ್ತರ ಹೇಳಿಬಿಡೂದು ಭಾಳ ಮಂದಿ ರೂಢಿ.

ಆಮ್ಯಾಲೆ ಪುಸ್ತಕದಾಗ "ಉತ್ತಮ", "ಸಾಧಾರಣ" ಅಂತ ಬರೀಬ್ಯಾಡ್ರಿ, ಕಂಡದ್ದನ್ನ ಬರೀರಿ. ಅವತ್ತ ಸಂಜಿ ಒಳಗ ಮಾತಾಡ್ರಿ, ಸ್ಟಾಫ್ ರೂಮಿನ್ಯಾಗ ನಾಲ್ಕು ಮಂದಿ ಎದುರು ಅಲ್ಲ. ಹಾಳಿ ಅವರ ಕೈಯಾಗ ಕೊಟ್ಟು "ಸರ್, ನಿಮಗೇನನಸ್ತೈತಿ?" ಅಂತ ಕೇಳಿ ಸುಮ್ಮನಿರ್ರಿ. ಅನುಭವಸ್ಥರು ತಾವೇ ಹೇಳ್ತಾರ. ಒಂದು ಸಲಕ್ಕ ಒಂದೇ ಬದಲಾವಣಿ, ಹತ್ತು ಸೂಚನಾ ಕೊಟ್ರ ಒಂದೂ ಆಗಂಗಿಲ್ಲ. ಇನ್ನ ಎಲ್ಲಾಕ್ಕಿಂತ ಮೊದಲ ನಿಮ್ಮ ಸಮಾಜ ಪಾಠಕ್ಕ ಅವರನ್ನ ಕರೀರಿ, ಅವರು ಕುಂತು ನೋಡ್ಲಿ, ತಪ್ಪು ಹೇಳ್ಲಿ. ಎಚ್‌ಎಂ ಪಾಠಾನೂ ನೋಡಬಹುದು ಅಂತ ಆದ್ಮ್ಯಾಲೆ ಶಾಲಿ ಹವಾನ ಬ್ಯಾರೆ ಆಗ್ತೈತಿ.

ಗಣಿತ_ಮೇಷ್ಟ್ರು:
ನಾನು ಆ ಕಡೆ ಕೂತಿರೋನು ಮೇಡಂ, ಆ ಸರ್ ಜಾಗದಲ್ಲಿ ನಿಂತು ಹೇಳ್ತೀನಿ. ನಾನು ಮೊದಲು ಇದ್ದ ಒಂದು ಶಾಲೆಲಿ ಎಚ್‌ಎಂ ಪೀರಿಯಡ್ ಮುಗಿಯೋಕೆ ಹತ್ತು ನಿಮಿಷ ಇರೋವಾಗ ಬಂದು, ಪಾಠ ಯೋಜನೆ ತೋರ್ಸಿ ಅಂದು, 5ಇ (ಪಾಠವನ್ನ ಐದು ಹಂತದಲ್ಲಿ ನಡೆಸೋ ವಿಧಾನ) ಹಂತಗಳು ಎಲ್ಲಾ ಬರೆದಿದೀನಾ ಅಂತ ಮಕ್ಕಳ ಮುಂದೇನೇ ಬೆರಳಿಟ್ಟು ಚೆಕ್ ಮಾಡಿ ಸೈನ್ ಹಾಕಿ ಹೋಗ್ತಿದ್ರು. ತೊಡಗಿಸಿಕೊಳ್ಳುವಿಕೆ, ಪರಿಶೋಧಿಸುವಿಕೆ ಅಂತ ಹಾಳೆ ಮೇಲೆ ಎಲ್ಲಾ ಇರುತ್ತೆ, ಕ್ಲಾಸಲ್ಲಿ ಏನಾಯ್ತು ಅಂತ ಆ ಹಾಳೆ ಹೇಳಲ್ಲ. ಬರೋ ದಿನ ಮೊದಲೇ ಹೇಳಿ, ಪೂರ್ತಿ ಪೀರಿಯಡ್ ಕೂರಿ, ಮಕ್ಕಳ ಮುಂದೆ ತಿದ್ದಬೇಡಿ. ಇಷ್ಟು ಮಾಡಿದ್ರೆ ಯಾವ ಸೀನಿಯರ್‌ಗೂ ಬೇಜಾರಾಗಲ್ಲ.

ಇನ್ನೊಂದು, ಒಂಬತ್ತನೇ ಕ್ಲಾಸಲ್ಲಿ ಬಹುಪದೋಕ್ತಿ ಪಾಠ ಮಾಡ್ತಿದ್ರೆ ಎದುರಿಗೆ ಕೂತಿರೋ ಎಷ್ಟೋ ಮಕ್ಕಳಿಗೆ ಋಣ ಸಂಖ್ಯೆ ಕೂಡೋದು ಕಳೆಯೋದೇ ಬರಲ್ಲ, ಭಿನ್ನರಾಶಿ ಅಂದ್ರೆ ಭಯ. ಜೂನಲ್ಲಿ ಸೇತುಬಂಧದ (ಹಿಂದಿನ ತರಗತಿಯ ಕಲಿಕೆ ಎಷ್ಟಿದೆ ನೋಡಿ ಸರಿಪಡಿಸೋ ಕಾರ್ಯಕ್ರಮ) ಪೂರ್ವ ಪರೀಕ್ಷೆ ಮಾಡಿ ಫೈಲಿಗೆ ಹಾಕಿಟ್ಟಿರ್ತೀವಲ್ಲ, ಆ ಉತ್ತರ ಪತ್ರಿಕೆಗಳನ್ನ ತೆಗೆದು ಸರ್ ಜೊತೆ ಕೂತು ನೋಡಿ. ಆಗ "ನೀವು ಸರಿಯಾಗಿ ಪಾಠ ಮಾಡ್ತಿಲ್ಲ" ಅನ್ನೋ ಮಾತೇ ಬರಲ್ಲ, ಈ ಮಕ್ಕಳನ್ನ ಎಲ್ಲಿಂದ ಶುರು ಮಾಡೋಣ ಅನ್ನೋ ಮಾತು ಬರುತ್ತೆ.

ಬೆಂಬಲ ಅಂದ್ರೆ ಬರೀ ಸಲಹೆ ಅಲ್ಲ. ಈಗಿನ ನಮ್ಮ ಎಚ್‌ಎಂ ಮಾಡಿದ್ದು ಇಷ್ಟೇ, ಟೈಮ್‌ಟೇಬಲ್ ತಿದ್ದಿ ಒಂಬತ್ತನೇ ಗಣಿತವನ್ನ ಕೊನೇ ಪೀರಿಯಡಿಂದ ಬೆಳಗ್ಗೆಗೆ ತಂದ್ರು, ಸ್ಯಾಟ್ಸ್ (ಮಕ್ಕಳ ಮಾಹಿತಿ ತುಂಬೋ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ ಕೆಲಸ ನನ್ನೊಬ್ಬನ ಮೇಲೆ ಇದ್ದಿದ್ದನ್ನ ಹಂಚಿದ್ರು. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 27ನೇ ಸೆಕ್ಷನಲ್ಲಿ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಣಕ್ಕೆ ಸಂಬಂಧ ಇಲ್ಲದ ಕೆಲಸಕ್ಕೆ ಶಿಕ್ಷಕರನ್ನ ಹಾಕಬಾರದು ಅಂತಿದೆ, ಆದ್ರೆ ಶಾಲೆ ಒಳಗಿನ ಆನ್‌ಲೈನ್ ಎಂಟ್ರಿ, ಬಿಸಿಯೂಟದ ಲೆಕ್ಕ ಇವೇ ಎಷ್ಟು ಹೊತ್ತು ತಿನ್ನುತ್ತೆ ಅಂತ ನಿಮಗೂ ಗೊತ್ತು. ಕೆಲಸ ಕಮ್ಮಿ ಮಾಡಿದ್ಮೇಲೆ ಅವರು ಹೇಳಿದ ಮಾತು ಕೇಳೋಕೆ ನನಗೆ ಮನಸ್ಸೂ ಬಂತು.

ಸಿಆರ್‌ಪಿ_ಆಗಿದ್ದವ:
ಪರ್ಸೆಂಟೇಜ್ ಬಗ್ಗೆ ಒಂದು ಮಾತು. ಎಸ್‌ಎಸ್‌ಎಲ್‌ಸಿ ಫಲಿತಾಂಶ ರಾಜ್ಯಕ್ಕೆ 2023ರಲ್ಲಿ 83.89 ಇತ್ತು, 2024ರಲ್ಲಿ 73.40ಕ್ಕೆ ಇಳೀತು, ಅದೂ ಗ್ರೇಸ್ ಮಾರ್ಕ್ಸ್ ಜಾಸ್ತಿ ಮಾಡಿದ್ಮೇಲೆ. ಒಂದೇ ವರ್ಷದಲ್ಲಿ ರಾಜ್ಯದ ಮೇಷ್ಟ್ರುಗಳೆಲ್ಲ ಪಾಠ ಮರೆತ್ರಾ? ಆ ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂತು. ಹಾಗಾಗಿ ಬರೀ ಆ ಒಂದು ನಂಬರ್ ಹಿಡ್ಕೊಂಡು ಯಾರನ್ನೂ ಒಳ್ಳೆ ಟೀಚರ್, ಕೆಟ್ಟ ಟೀಚರ್ ಅನ್ನೋದು ತಪ್ಪು. ಅದೇ ಮಗು ಎಂಟನೇ ಕ್ಲಾಸಿಗೆ ಬಂದಾಗ ಎಲ್ಲಿತ್ತು, ಎಫ್‌ಎ 1ರಲ್ಲಿ (ಮೊದಲ ರೂಪಣಾತ್ಮಕ ಮೌಲ್ಯಮಾಪನ) ಎಲ್ಲಿತ್ತು, ಎಸ್‌ಎ 1 (ಮೊದಲ ಸಂಕಲನಾತ್ಮಕ ಮೌಲ್ಯಮಾಪನ) ಹೊತ್ತಿಗೆ ಎಲ್ಲಿಗೆ ಬಂತು ನೋಡಿ. ಮೀಟಿಂಗಲ್ಲಿ ಕೇಳಿದಾಗ ಅದನ್ನೇ ತೋರಿಸಿ, ಕೇಳಿಸ್ಕೊಳ್ಳೋ ಅಧಿಕಾರಿಗಳೂ ಇದಾರೆ.

ಬೆಂಗಳೂರು_ಕೋಆರ್ಡಿನೇಟರ್:
ನಾನು ಖಾಸಗಿ ಶಾಲೆಯವಳು, ಸ್ವಲ್ಪ ಬೇರೆ ಅಭಿಪ್ರಾಯ ಇದೆ. ಎಲ್ರೂ ಬೆಂಬಲ ಬೆಂಬಲ ಅಂತಿದೀರಿ, ಸರಿ, ಆದ್ರೆ ನೋಟ್‌ಬುಕ್ಕೇ ತಿದ್ದದವರು, ಕ್ಲಾಸಲ್ಲಿ ಫೋನ್ ನೋಡ್ತಾ ಕೂರೋರು, ಮಕ್ಕಳಿಗೆ ಹೊಡಿಯೋರು ಇದ್ರೆ ಹಾಳೆ ಮೇಲೆ ಗೆರೆ ಎಳ್ಕೊಂಡು ಕೂರೋಕಾಗಲ್ಲ. ಅದಕ್ಕೆ ಬಾಯಿ ಮಾತಲ್ಲಿ ಹೇಳಿ, ಕೇಳದಿದ್ರೆ ಮೆಮೊ ಕೊಡಲೇಬೇಕು, ಮಕ್ಕಳ ವರ್ಷ ವಾಪಸ್ ಬರಲ್ಲ. ಪಾಠ ಕಲಿಸೋ ರೀತಿ ಸುಧಾರಿಸೋ ಮಾತು ಬೇರೆ, ಕರ್ತವ್ಯ ಲೋಪ ಬೇರೆ. ಎರಡಕ್ಕೂ ಬೇರೆ ಬೇರೆ ಪುಸ್ತಕ ಇಡಿ, ವಾರ್ಷಿಕ ಕಾರ್ಯನಿರ್ವಹಣಾ ವರದಿ ಬರೆಯುವಾಗ ಪಾಠ ವೀಕ್ಷಣೇಲಿ ಟೀಚರ್ ಮನಸ್ಸು ಬಿಚ್ಚಿ ಹೇಳಿದ್ದನ್ನ ಅವರ ವಿರುದ್ಧ ಬಳಸಬೇಡಿ. ಒಂದು ಸಲ ಹಾಗಾಯ್ತು ಅಂತ ಗೊತ್ತಾದ್ರೆ ಮುಂದೆ ಯಾರೂ ಕಷ್ಟ ಹೇಳ್ಕೊಳ್ಳಲ್ಲ, ನೀವು ಹೋದ ದಿನ ಮಾತ್ರ ಚೆಂದದ ಪಾಠ ನಡೆಯುತ್ತೆ.

ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) 2020ರಲ್ಲಿ ವರ್ಷಕ್ಕೆ 50 ಗಂಟೆ ವೃತ್ತಿಪರ ತರಬೇತಿ ಅಂತ ಹೇಳಿದಾರೆ, ಹೆಚ್ಚಿನವರು ಆನ್‌ಲೈನ್ ಕೋರ್ಸ್ ಮಾಡಿ ಸರ್ಟಿಫಿಕೇಟ್ ತಗೊಳ್ತಾರೆ. ನನ್ನ ಕೇಳಿದ್ರೆ ಪಕ್ಕದ ಕ್ಲಾಸಿನ ಒಳ್ಳೆ ಟೀಚರ್ ಪಾಠವನ್ನ ತಿಂಗಳಿಗೊಮ್ಮೆ ಕೂತು ನೋಡೋದೇ ಅದಕ್ಕಿಂತ ಜಾಸ್ತಿ ಕಲಿಸುತ್ತೆ.

ಹೈಸ್ಕೂಲ್_ಮೇಡಂ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಸೋಮವಾರ ಸ್ಟಾಫ್ ಮೀಟಿಂಗಲ್ಲಿ ನನ್ನ ಎಂಟನೇ ಕ್ಲಾಸ್ ಪಾಠಕ್ಕೆ ಬನ್ನಿ ಅಂತ ಕರೀತೀನಿ, ಸೇತುಬಂಧದ ಪತ್ರಿಕೆಗಳನ್ನ ಈಗಾಗ್ಲೇ ಬೀರುವಿಂದ ತೆಗೆಸಿದೀನಿ. ಇನ್ನೊಂದು ಕೇಳ್ಬೇಕಿತ್ತು, ಇಂಗ್ಲಿಷಿಗೆ ಅತಿಥಿ ಶಿಕ್ಷಕಿ ಒಬ್ರು ಬಂದಿದಾರೆ, ಬಿಎಡ್ ಮುಗಿಸಿ ಇದೇ ಮೊದಲನೇ ಕೆಲಸ, ಪಾಪ ಹತ್ತನೇ ಕ್ಲಾಸಿಗೆ ಹೋಗೋಕೆ ಹೆದರ್ತಾರೆ. ಅವರಿಗೂ ಇದೇ ಥರ ಮಾಡ್ಲಾ?

ನಿವೃತ್ತ_ಎಚ್‌ಎಂ_ಧಾರವಾಡ:
ಇಲ್ರಿ, ಅವರಿಗೆ ಬರೇ ಹಾಳಿ ಕೊಟ್ಟು ಸುಮ್ಮನಿದ್ರ ಇನ್ನೂ ಹೆದರ್ತಾರ. ಅವರ ಜೋಡಿ ಕುಂತು ನಾಳಿನ ಒಂದು ಪಾಠ ತಯಾರಿ ಮಾಡ್ರಿ, ನಿಮಗ ಇಂಗ್ಲಿಷ್ ಆಗಂಗಿಲ್ಲಂದ್ರ ನಿಮ್ಮ ಕ್ಲಸ್ಟರಿನ್ಯಾಗ ಛಲೋ ಇಂಗ್ಲಿಷ್ ಮೇಷ್ಟ್ರು ಯಾರದಾರ ಅಂತ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕಡೆ ಕೇಳಿ ಒಂದು ದಿನ ಅಲ್ಲಿಗೆ ಕಳಸ್ರಿ. ಮೊದಲ ಎರಡು ವಾರ ಎಂಟನೇತ್ತಾ ಕೊಡ್ರಿ, ಹತ್ತನೇತ್ತಾಕ್ಕ ಆಮ್ಯಾಲೆ. ಮತ್ತ ಅತಿಥಿ ಶಿಕ್ಷಕರ ಗೌರವಧನದ ಬಿಲ್ ತಡಾ ಆಗಲಾರದಂಗ ನೀವೇ ಮುಂದ ನಿಂತು ನೋಡ್ಕೋರಿ, ಅದೂ ಎಚ್‌ಎಂ ಕೊಡೋ ಬೆಂಬಲಾನ ರೀ.