ವೈನಿ, ಡೋಲೋ ಕೊರಿಯರ್ ಇರಲಿ, ಮೊದಲು ಇದನ್ನು ಕೇಳಿ

ವೈನಿ, ಟೈಪ್ ಮಾಡಿದರೆ ಕಣ್ಣು ನೋಯುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಲೀಡ್ಸ್‌ನಲ್ಲಿ ನಿಮ್ಮ ಮಗನಿಗೆ ಒಂದು ದಿನ ಬಿಟ್ಟು ಒಂದು ದಿನ ಗಡಗಡ ನಡುಗಿ ಜ್ವರ, ಆಮೇಲೆ ಮೈತುಂಬ ಬೆವರು. ಡಾಕ್ಟರು ಫ್ಲೂ ಎಂದರು, ಡೋಲೋ ಕೊರಿಯರ್ ಮಾಡಲಾ ಅಂತ ಕೇಳಿದ್ದೀರಿ. ಆ ಗುಳಿಗೆ ಅಲ್ಲಿಯೂ ಸಿಗುತ್ತದೆ, ಹೆಸರು ಬೇರೆ ಅಷ್ಟೆ. ಹುಡುಗ ಆಗಸ್ಟ್‌ನಲ್ಲಿ ಬಂದಾಗ ಹುಬ್ಬಳ್ಳಿ ಮದುವೆ ಮುಗಿಸಿ ಮಂಗಳೂರಿನ ಗೆಳೆಯನ ರೂಮಿನಲ್ಲಿ ಎಂಟು ದಿನ ಇದ್ದನಲ್ಲ? ನನಗೆ ಮಲೇರಿಯಾದ ಅನುಮಾನ.

ಹೋಗಿ ನಾಲ್ಕು ತಿಂಗಳಾಯಿತಲ್ಲ ಅನ್ನಬೇಡಿ. ಮಲೇರಿಯಾ ಪರಾವಲಂಬಿಯಲ್ಲಿ ವೈವಾಕ್ಸ್ ಅನ್ನುವ ಜಾತಿ ಲಿವರಿನಲ್ಲಿ ಸುಮ್ನೆ ಮಲಗಿರುತ್ತದೆ. ತಿಂಗಳುಗಟ್ಟಲೆ ಬಿಟ್ಟು, ಕೆಲವೊಮ್ಮೆ ವರ್ಷ ಕಳೆದ ಮೇಲೂ ಏಳುತ್ತದೆ. ಇನ್ನೊಂದು ಜಾತಿ ಫಾಲ್ಸಿಪಾರಂ ಆದರೆ ಸಾಮಾನ್ಯವಾಗಿ ಮೂರು ತಿಂಗಳೊಳಗೇ ಬರುತ್ತದೆ. ಅದು ಜೀವಕ್ಕೇ ಕುತ್ತು. ಯಾವುದು ಅಂತ ಸ್ಲೈಡೇ, ಅಂದರೆ ಗಾಜಿನ ಮೇಲೆ ಸವರಿದ ರಕ್ತವೇ, ಹೇಳಬೇಕು.

ಡಾಕ್ಟರನ್ನು ಬೈಯಬೇಡಿ. ಡಿಸೆಂಬರ್ ಚಳಿಯಲ್ಲಿ ಜ್ವರ ಅಂದರೆ ಅವರಿಗೆ ಮೊದಲು ಫ್ಲೂ ನೆನಪಾಗುತ್ತದೆ. ಇವನು ಇಂಡಿಯಾಕ್ಕೆ ಹೋಗಿದ್ದೆ ಅಂತ ಹೇಳಿದ್ದಾನಾ? ಮನೆಗೆ ಬಂದದ್ದು ಅವನ ಲೆಕ್ಕದಲ್ಲಿ ಪ್ರವಾಸವೇ ಅಲ್ಲ!

ಬ್ಲಡ್ ನಾರ್ಮಲ್ ಅಂದರಂತೆ. ಅದು ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಇರಬೇಕು. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಒಂದು ಸುಳಿವು, ಅಷ್ಟೆ. ಮಲೇರಿಯಾಕ್ಕೆ ಸ್ಮಿಯರ್ (ಅದೇ ಸ್ಲೈಡ್ ಪರೀಕ್ಷೆ), ರ್‍ಯಾಪಿಡ್ ಟೆಸ್ಟ್ ಬೇರೆ ಕೇಳಬೇಕು. ಒಂದು ಸಲ ನೆಗೆಟಿವ್ ಬಂದರೆ 12ರಿಂದ 24 ಗಂಟೆಯೊಳಗೆ ಮತ್ತೆ, ಆಮೇಲೆ ಇನ್ನೊಮ್ಮೆ ನೋಡಬೇಕು. ಗದಗಿನಲ್ಲಿ 30 ವರ್ಷ ಸ್ಲೈಡ್ ನೋಡಿದವ ನಾನು. ಒಬ್ಬ ಲಾರಿ ಡ್ರೈವರಿಗೆ ನೆಗೆಟಿವ್ ಬರೆದು ಕಳಿಸಿದ್ದೆ. ಮರುದಿನದ ದಪ್ಪ ಸ್ಮಿಯರಿನಲ್ಲಿ ಪರಾವಲಂಬಿ ಕಣ್ಣಿಗೆ ರಾಚುವ ಹಾಗೆ ಕಂಡಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ವೈವಾಕ್ಸ್ ಎಂದು ಬಂದರೆ ಔಷಧ ಎರಡು. ಒಂದು ರಕ್ತದಲ್ಲಿರುವುದಕ್ಕೆ. ಲಿವರಿನಲ್ಲಿ ಮಲಗಿದ್ದಕ್ಕೆ ಪ್ರೈಮಾಕ್ವಿನ್, ಸಾಮಾನ್ಯವಾಗಿ 14 ದಿನ. ಅದಕ್ಕೂ ಮೊದಲು ರಕ್ತಕಣ ಕಾಪಾಡುವ ಜಿ6ಪಿಡಿ ಅನ್ನುವ ಎಂಜೈಮಿನ ಪರೀಕ್ಷೆ ಆಗಲೇಬೇಕು. ಆ ಎಂಜೈಮಿನ ಕೊರತೆ ಇದ್ದವರಿಗೆ ಈ ಗುಳಿಗೆ ಕೊಟ್ಟರೆ ರಕ್ತಕಣ ಒಡೆಯುತ್ತವೆ. ಜ್ವರ ಬಿಟ್ಟಿತೆಂದು ನಮ್ಮವರು ನಾಲ್ಕನೇ ದಿನಕ್ಕೇ ಗುಳಿಗೆ ಡಬ್ಬಿಗೆ ಹಾಕುತ್ತಾರೆ. ಆಮೇಲೆ ಮತ್ತೆ ಅದೇ ನಡುಕ.

ಸೋಮವಾರದವರೆಗೆ ಕಾಯುವುದು ಬೇಡ. ಇವತ್ತೇ ಎಮರ್ಜೆನ್ಸಿಗೆ ಹೋಗಿ, ಆಗಸ್ಟ್‌ನಲ್ಲಿ ಮಂಗಳೂರಿನಲ್ಲಿದ್ದೆ ಅಂತ ಮೊದಲ ಮಾತಿಗೇ ಹೇಳಲಿ. ದಾರಿಯಲ್ಲಿ ಮಂಪರು ಬಂದರೆ ಆಂಬುಲೆನ್ಸ್ ಕರೆಸಲಿ. ಅವನ ಹೊಸ ನಂಬರ್ ಹಾಕಿ ವೈನಿ, ನಾನೂ ಮಾತಾಡುತ್ತೇನೆ.