ಅಪ್‌ಡೇಟ್: ಕಾಮಾಲೆ ಬಂದಿದ್ದು ಜಾತ್ರೆ ಊಟದಿಂದಲ್ಲ
ಮುಳಬಾಗಿಲು ಹತ್ತಿರದ ನಮ್ಮೂರಲ್ಲಿ ಮಕ್ಕಳಿಗೆ ಸಾಲಾಗಿ ಕಾಮಾಲೆ, ಹಿಂದಿನ ವಾರದ ಜಾತ್ರೆ ಊಟವೇ ಕಾರಣವಾ ಅಂತ ಕೇಳಿದ್ದೆ. ಅಲ್ಲವೇ ಅಲ್ಲ. ರಕ್ತಪರೀಕ್ಷೆಯಲ್ಲಿ ಬಂದದ್ದು ಹೆಪಟೈಟಿಸ್ ಎ, ಅಂದ್ರೆ ಕೊಳಕು ನೀರು, ಊಟದಿಂದ ಹರಡೋ ಲಿವರ್ ಸೋಂಕು. ಅದು ಮೈಸೇರಿ ಲಕ್ಷಣ ತೋರಿಸೋಕೆ 15ರಿಂದ 50 ದಿನ, ಸರಾಸರಿ 28; ಹಿಂದಿನ ವಾರದ ಊಟಕ್ಕೆ ಲೆಕ್ಕ ಸೇರಲ್ಲ. ನೀವು ಹೇಳಿದ ಹಾಗೆ ಮನೆಮನೆಯ ಜ್ವರ ಶುರುವಾದ ದಿನ ಬರೆದು ನಾಲ್ಕು ವಾರ ಹಿಂದಕ್ಕೆ ಎಣಿಸಿದರೆ, ಊರಿನ ಕುಡಿಯೋ ನೀರಿನ ಪೈಪ್ ಒಡೆದಿದ್ದ ದಿನಗಳಿಗೇ ಹೋಗಿ ನಿಲ್ತು. ಚರಂಡಿಯೊಳಗೇ ಹಾದ ಪೈಪ್ ಅದು. ನೀರು ನಿಲ್ಲಿಸಿದಾಗ ಒತ್ತಡ ಇಳಿದು ಕೊಳಚೆಯನ್ನ ಒಳಗೆ ಎಳ್ಕೊಳ್ಳುತ್ತೆ. ಜಾಯಿಂಟ್ ಬದಲಾಯಿತು.

ಕ್ರಿಮಿ ಕೊಲ್ಲೋಕೆ ನೀರಿಗೆ ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿದರೂ ಕೊನೆ ನಲ್ಲಿಯಲ್ಲಿ ಕ್ಲೋರಿನ್ ಸೊನ್ನೆ. ಬಾಯಿ ಬಿಚ್ಚಿಟ್ಟ ಚೀಲ, ಸತ್ವವೆಲ್ಲ ಹಾರಿಹೋಗಿತ್ತು! ಹೊಸ ಚೀಲ ತಂದ ಮೇಲೆ ಲೀಟರಿಗೆ 0.2 ಮಿಲಿಗ್ರಾಂ ಸಿಕ್ತು. ರಿಪೇರಿಗೆ ಮೊದಲೇ ಸೋಂಕು ಮೈಸೇರಿದವರಿಂದ ಹೊಸ ಕೇಸ್ ಇನ್ನೂ ಏಳು ವಾರ ಕಾಣಬಹುದು, ಅದಕ್ಕೆ ರಿಪೇರಿಯನ್ನ ಬೈಯೋದು ಬೇಡ.